‘ಇತರೆ’ ಎಂಬ ತಾಯ್ನುಡಿ

ಕವನ ಸಂಕಲನ ಬಂದರೆ ನಮ್ಮ ವಿಮರ್ಶಕರು ಬರೆಯುತ್ತಾರೆ, ಕಾದಂಬರಿ ಬಂದರೆ ಬರೆಯುತ್ತಾರೆ. ಸರ್ಕಾರ ಅಚ್ಚು ಹಾಕಿಸುವ ಪುಸ್ತಕವನ್ನು ಮಾತ್ರ ಯಾರೂ ಪುಸ್ತಕ ಅಂತ ಓದುವುದಿಲ್ಲ. ಆದರೆ ಬಡವನ ಹಣೆಬರಹ ಬರೆದಿರುವುದು ಯಾವ ಪುಸ್ತಕದಲ್ಲಿ? ಪಹಣಿಯಲ್ಲಿ, ಠಾಣೆಯ ರಿಜಿಸ್ಟರಿನಲ್ಲಿ, ಶಾಲೆಯ ಹಾಜರಿಯಲ್ಲಿ, ಜನಗಣತಿಯಲ್ಲಿ. ಇವುಗಳಲ್ಲಿ ಒಂದನ್ನು ನಾವು ಇಲ್ಲಿ ವಿಮರ್ಶೆಗೆ ತಗೊಂಡಿದ್ದೇವೆ. 2011ರ ಜನಗಣತಿಯ ಭಾಷಾ ಪಟ್ಟಿ ಅದು. ಎಣಿಸಿದ್ದು 2011ರಲ್ಲಿ, ಪ್ರಕಟವಾದದ್ದು 2018ರಲ್ಲಿ. ಕೃತಿ ಹಳೆಯದಾಯಿತು ಎನ್ನಬೇಡಿ. ಇದರ ಮುಂದಿನ ಭಾಗ ಇನ್ನೂ ಬಂದಿಲ್ಲ, ಮತ್ತು ಆ ಭಾಗವನ್ನು ಬರೆಯುವವರಲ್ಲಿ ಈ ಪತ್ರಿಕೆ ಓದುವ ಹಳ್ಳಿ ಮೇಷ್ಟ್ರುಗಳೂ ಇರುತ್ತಾರೆ.

ಪುಸ್ತಕಕ್ಕೆ ಕೈ ಹಾಕಿಸಿದ್ದು ಒಂದು ಸಣ್ಣ ನೆಪ. ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಭದ್ರಾವತಿ ಬಸ್ಸಿಗೆ ಕಾಯ್ತಾ ಮೂರು ಜನ ಗೆಳೆಯರು ನಿಂತಿದ್ದೆವು. ಒಬ್ಬ ಹೆಣ್ಣುಮಗಳು ಮಣಿಸರ, ಪಿನ್ನು, ತಲೆಗೂದಲಿಗೆ ಹಚ್ಚುವ ಎಣ್ಣೆಯ ಸೀಸೆ ಇಟ್ಟುಕೊಂಡು ವ್ಯಾಪಾರ ಮಾಡುತ್ತಿದ್ದಳು. ಬುರ್ಖಾ ಹಾಕಿದ ಅಮ್ಮನ ಹತ್ತಿರ ಸಾಬರ ಮಾತು. ಭದ್ರಾವತಿ ಕಡೆಯ ತಮಿಳು ಸಂಸಾರವೊಂದರ ಹತ್ತಿರ ತಮಿಳಿನಲ್ಲಿ ಚೌಕಾಸಿ. ನಮ್ಮ ಹತ್ತಿರ ನಮ್ಮಂಥದೇ ಕನ್ನಡ. ಅಷ್ಟರಲ್ಲಿ ಅವಳ ಮಗು ಬಸ್ಸಿನ ಚಕ್ರದ ಕಡೆ ಓಡಿತು. ಅವಳು ಗಾಬರಿಯಾಗಿ ಕೂಗಿದಳಲ್ಲ, ಆ ಕೂಗಿನ ಒಂದು ಶಬ್ದವೂ ನಮಗೆ ತಿಳಿಯಲಿಲ್ಲ.

“ಅಕ್ಕ, ಅದು ಯಾವ ಭಾಷೆ?”

“ನಮ್ದು.”

“ಅದಕ್ಕೊಂದು ಹೆಸರು ಇರುತ್ತಲ್ಲ?”

“ವಾಗ್ರಿ ಅಂತೀವಿ. ಯಾಕಣ್ಣ, ಎಣ್ಣೆ ತಗೊಳ್ಳಲ್ವಾ?”

ಎಣ್ಣೆ ತಗೊಂಡೆವು. ಬಸ್ಸಿನಲ್ಲಿ ನಮ್ಮ ಜೊತೆಗಿದ್ದ ಮೇಷ್ಟ್ರು ಗೆಳೆಯ ಬಹಳ ಹೊತ್ತು ಸುಮ್ಮನಿದ್ದ. ಬಿ.ಎಚ್. ರಸ್ತೆಯಲ್ಲಿ ಅರ್ಧ ದಾರಿ ಬಂದ ಮೇಲೆ ಬಾಯಿಬಿಟ್ಟ. 2011ರಲ್ಲಿ ಅವನು ಗಣತಿದಾರ. ಅವನ ಪಾಲಿಗೆ ಬಂದ ಬ್ಲಾಕಿನಲ್ಲಿ ಇವರ ಹತ್ತಾರು ಮನೆ ಇದ್ದವು. “ಮಾತೃಭಾಷೆ ಕಾಲಮ್ಮಿಗೆ ನಾನು ಕೇಳಲೇ ಇಲ್ಲ ಮಾರಾಯ. ಕನ್ನಡದಾಗೆ ಮಾತಾಡಿದ್ರು, ಕನ್ನಡ ಅಂತ ಬರ್ಕೊಂಡು ಬಂದೆ. ಬಿಸಿಲು ಬೇರೆ.”

ಅವನೊಬ್ಬನನ್ನು ಬೈದು ಪ್ರಯೋಜನವಿಲ್ಲ. ಗಣತಿಯ ಕೈಪಿಡಿಯಲ್ಲಿ ಮಾತೃಭಾಷೆ ಎಂದರೆ ಏನು ಅಂತ ಸ್ಪಷ್ಟವಾಗಿಯೇ ಇದೆ: ಎಳವೆಯಲ್ಲಿ ತಾಯಿ ಆ ವ್ಯಕ್ತಿಯ ಜೊತೆ ಆಡಿದ ಭಾಷೆ. ಇಡೀ ಸರ್ಕಾರಿ ಸಾಹಿತ್ಯದಲ್ಲಿ ಇಷ್ಟು ಒಳ್ಳೆಯ ವಾಕ್ಯ ಇನ್ನೊಂದು ಸಿಗುವುದು ಕಷ್ಟ. ತಾಯಿ ಬೀದಿ ಗುಡಿಸುವವಳಾಗಲಿ, ಹಕ್ಕಿ ಹಿಡಿಯುವವಳಾಗಲಿ, ಅವಳು ಮಗುವಿಗೆ ಆಡಿದ್ದೇ ಭಾಷೆ. ಲಿಪಿ ಇದೆಯಾ, ವ್ಯಾಕರಣ ಇದೆಯಾ, ಮಠ ಇದೆಯಾ ಅಂತ ಆ ವಾಕ್ಯ ಕೇಳುವುದಿಲ್ಲ. ಹಾಗಾದರೆ ಇಷ್ಟು ಚೆನ್ನಾಗಿ ಶುರುವಾದ ಪುಸ್ತಕ ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಆ ತಾಯಿಯನ್ನು ಎಲ್ಲಿ ಕಳೆದುಕೊಂಡಿತು? ನಮ್ಮ ವಿಮರ್ಶೆ ಇರುವುದು ಇಷ್ಟೇ.

2011ರಲ್ಲಿ ದೇಶದ ಜನ ತಮ್ಮ ಮಾತೃಭಾಷೆ ಎಂದು ಹೇಳಿದ ಹೆಸರುಗಳು ಒಟ್ಟು 19,569. ಕಚೇರಿಯವರು ಇವನ್ನು ಸೋಸಿ, ಒಂದೇ ಭಾಷೆಗಿರುವ ನಾನಾ ಹೆಸರುಗಳನ್ನು ಕೂಡಿಸಿ 1,369 ತಾಯ್ನುಡಿಗಳನ್ನು ಒಪ್ಪಿದರು. 1,474 ಹೆಸರುಗಳು ಏನೆಂದು ಗೊತ್ತಾಗಲಿಲ್ಲ ಅಂತ ಪಕ್ಕಕ್ಕಿಟ್ಟರು. ಆಮೇಲೆ ಇನ್ನೊಂದು ಜರಡಿ: ದೇಶದಲ್ಲಿ ಹತ್ತು ಸಾವಿರ ಜನ ಆಡದ ತಾಯ್ನುಡಿಯ ಹೆಸರು ಅಚ್ಚಿಗೆ ಬರುವಂತಿಲ್ಲ. ಈ ಜರಡಿಯಲ್ಲಿ ಉಳಿದದ್ದು 270. ಆ 270ನ್ನೂ ದೊಡ್ಡ ಭಾಷೆಗಳ ಕೆಳಗೆ ಜೋಡಿಸಿ 121 ಭಾಷೆ ಎಂದು ಲೆಕ್ಕ ಮುಗಿಸಿದರು. ಉಳಿದವರೆಲ್ಲ ಎಲ್ಲಿ? ಪ್ರತಿಯೊಂದು ಭಾಷೆಯ ಕೆಳಗೂ ಒಂದು ಸಾಲು ಇದೆ. ಅದರ ಹೆಸರು ‘ಇತರೆ’.

ಹಿಂದೆ ಹೀಗಿರಲಿಲ್ಲ. 1961ರ ಗಣತಿ 1,652 ತಾಯ್ನುಡಿಗಳ ಹೆಸರನ್ನು ಅಚ್ಚು ಹಾಕಿತ್ತು. ಅದರಲ್ಲಿ ತಪ್ಪುಗಳಿದ್ದವು, ಜಾತಿಯ ಹೆಸರನ್ನೇ ಭಾಷೆ ಎಂದು ಬರೆದದ್ದಿತ್ತು, ಊರಿನ ಹೆಸರೂ ಇತ್ತು. ಇರಲಿ. ಬೆರಳೆಣಿಕೆಯ ಜನ ಆಡುವ ಮಾತಿಗೂ ಅಲ್ಲಿ ಒಂದು ಸಾಲು ಸಿಕ್ಕಿತ್ತು. 1971ರಿಂದ ಹತ್ತು ಸಾವಿರದ ಗೆರೆ ಬಂತು. ಅವತ್ತಿನಿಂದ ಸಣ್ಣವರ ಮಾತಿಗೆ ಹೆಸರಿಲ್ಲ.

ಗೆರೆ ಎಲ್ಲರಿಗೂ ಒಂದೇ ಆಗಿದ್ದರೆ ಏನೋ ಅನ್ನಬಹುದಿತ್ತು. ಸಂಸ್ಕೃತಕ್ಕೆ ಈ ಗೆರೆ ಇಲ್ಲ. ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳನ್ನು ಎಷ್ಟೇ ಜನ ಆಡಲಿ ಪಟ್ಟಿಯಲ್ಲಿ ಇಟ್ಟೇ ಇಡುತ್ತಾರೆ. ಸಂಸ್ಕೃತ ಶುರುವಿನ ಹದಿನಾಲ್ಕರಲ್ಲೇ ಇತ್ತು. ಗಣತಿಯಲ್ಲಿ ಸಂಸ್ಕೃತ ತಮ್ಮ ಮಾತೃಭಾಷೆ ಎಂದವರ ಲೆಕ್ಕ ನೋಡಿ: 1991ರಲ್ಲಿ 49,736. 2001ರಲ್ಲಿ 14,135. 2011ರಲ್ಲಿ 24,821. ತಾಯಿ ಮಗುವಿಗೆ ಆಡುವ ಮಾತು ಹತ್ತು ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಸತ್ತು, ಮತ್ತೆ ಹತ್ತು ವರ್ಷದಲ್ಲಿ ಮುಕ್ಕಾಲು ಪಾಲು ಎದ್ದು ಕೂತುಕೊಳ್ಳುತ್ತದೆಯೆ? ಇದು ನಾಲಗೆಯ ಲೆಕ್ಕ ಅಲ್ಲ, ಆಸೆಯ ಲೆಕ್ಕ. ಕೇಳಿದಾಗ ಯಾವ ಹೆಸರು ಹೇಳಿದರೆ ಗೌರವ ಅನ್ನಿಸುತ್ತದೋ ಆ ಹೆಸರು ಹೇಳುತ್ತಾರೆ. ಯಾವ ಹೆಸರು ಹೇಳಿದರೆ ನಗುತ್ತಾರೋ, ಪೊಲೀಸರು ಬರುತ್ತಾರೋ ಆ ಹೆಸರು ನುಂಗಿಕೊಳ್ಳುತ್ತಾರೆ.

ಶಿವಮೊಗ್ಗದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಮತ್ತೂರು ನಮ್ಮ ಪಕ್ಕದಲ್ಲೇ ಇದೆ. 1980ರ ದಶಕದಿಂದ ಅದು ‘ಸಂಸ್ಕೃತ ಗ್ರಾಮ’. ದೂರ ದೂರದಿಂದ ಪತ್ರಿಕೆಯವರು, ಕ್ಯಾಮೆರಾದವರು ಬಂದು ತುಂಗಾ ತೀರದಲ್ಲಿ ದೇವಭಾಷೆ ಕೇಳಿ ಧನ್ಯರಾಗಿ ಹೋಗುತ್ತಾರೆ. ಕಲಿತವರು ಕಲಿತರು, ಆಡಲಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಒಂದು ಮಾತು ಆ ವರದಿಗಳಲ್ಲಿ ಮೂಲೆಗೆ ಬೀಳುತ್ತದೆ: ಮತ್ತೂರು, ಹೊಸಹಳ್ಳಿಗಳ ಬಹಳ ಮನೆಗಳಲ್ಲಿ ತಾಯಿ ಮಗುವಿಗೆ ಆಡುವ ಭಾಷೆ ಸಂಸ್ಕೃತವೂ ಅಲ್ಲ, ಕನ್ನಡವೂ ಅಲ್ಲ. ಅದು ಸಂಕೇತಿ. ತಮಿಳು ಮಲೆಯಾಳಗಳ ನಂಟಿನ, ಕನ್ನಡ ಬೆರೆತ ಒಂದು ಸಣ್ಣ ನುಡಿ. ಅದನ್ನು ಆಡುವವರು ಅಗ್ರಹಾರದವರು, ಅಡಿಕೆ ತೋಟದವರು, ಓದಿದವರು. ಆದರೂ ಗಣತಿಯ ಪಟ್ಟಿಯಲ್ಲಿ ಸಂಕೇತಿಗೆ ಹೆಸರಿಲ್ಲ. ಮೇಲುಜಾತಿಯವರು ಸಹ ತಮ್ಮ ತಾಯಿಯ ಮಾತನ್ನು ಅಡಿಗೆಮನೆಯಲ್ಲಿ ಬಿಟ್ಟು ಜಗಲಿಗೆ ಸಂಸ್ಕೃತ ತಂದು ಕೂರಿಸಿದರು. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಸಂಕೇತಿಯ ಹುಡುಗ ಶಾಲೆಗೆ ಹೋದರೆ ಅವನ ಮಾತು ಬೇರೆ ಅಂತ ಯಾರೂ ಅವನನ್ನು ದಡ್ಡ ಅನ್ನಲಿಲ್ಲ.

ಇನ್ನು ವಾಗ್ರಿಯವರ ಮಾತಿಗೆ ಬರೋಣ. ನಾವು ಅವರನ್ನು ಕರೆಯುವುದು ಹಕ್ಕಿಪಿಕ್ಕಿ ಅಂತ. ಹಕ್ಕಿ ಹಿಡಿಯುವವರು ಎಂದು ಅರ್ಥ ಹೇಳುತ್ತಾರೆ. ಅದು ನಾವು ಇಟ್ಟ ಹೆಸರು. ಅವರು ತಮ್ಮನ್ನು ವಾಗ್ರಿ ಎನ್ನುತ್ತಾರೆ. ಬಲೆ, ಉರುಲು ಎಂಬ ಅರ್ಥದ ‘ವಾಗುರ’ ಎಂಬ ಸಂಸ್ಕೃತ ಶಬ್ದವೇ ಅದರ ಮೂಲ ಎಂದು ಒಂದು ವಾದ ಇದೆ. ನಿಜವಾದರೆ ತಮಾಷೆಯೇ. ಸಂಸ್ಕೃತ ಒಂದು ಬಾಗಿಲಲ್ಲಿ ಆರತಿ ಎತ್ತಿಸಿಕೊಳ್ಳುತ್ತದೆ, ಇನ್ನೊಂದು ಬಾಗಿಲಲ್ಲಿ ಬಲೆ ಹೊತ್ತು ಭಿಕ್ಷೆಗೆ ನಿಂತಿದೆ. ಅವರ ಮಾತು ಗುಜರಾತಿ, ರಾಜಸ್ಥಾನಿಗಳ ಬಳಗದ್ದು. ತಮಿಳುನಾಡಿನಲ್ಲಿ ಇದೇ ಜನ ನರಿಕುರವರು, ಕುರುವಿಕ್ಕಾರರು. ಅಲ್ಲೂ ಮನೆಮಾತು ಇದೇ. ಗುಜರಾತಿಯೊ, ಮೇವಾರ, ಕಾಲಿವಾಲ, ಪನ್ವಾರ ಎಂದು ತಮ್ಮೊಳಗಿನ ಬೆಡಗುಗಳನ್ನು ಇವತ್ತೂ ಹೇಳುತ್ತಾರೆ. ಎಷ್ಟೋ ತಲೆಮಾರಿನ ಹಿಂದೆ ಬಿಟ್ಟು ಬಂದ ನಾಡಿನ ಹೆಸರುಗಳು ಅವರ ಮದುವೆ ಮಾತುಕತೆಯಲ್ಲಿ ಉಳಿದುಕೊಂಡಿವೆ. ಕಾಗದ ಪತ್ರ ಇಲ್ಲದೆ, ಪಂಡಿತರಿಲ್ಲದೆ, ಗುಡಾರದಿಂದ ಗುಡಾರಕ್ಕೆ ಒಂದು ಭಾಷೆಯನ್ನು ಇಷ್ಟು ದೂರ ಹೊತ್ತು ತಂದವರು ಇವರು. ಇದನ್ನು ಯಾವ ಅಕಾಡೆಮಿ ಮಾಡಿದೆ?

ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಜಿ. ಶ್ರೀನಿವಾಸ ವರ್ಮ ಅವರು 1970ರಲ್ಲೇ ವಾಗ್ರಿಯ ಮೇಲೆ ಒಂದು ಪುಸ್ತಕ ತಂದರು. ಹಾಗಾಗಿ ‘ಇದು ಭಾಷೆಯೇ ಅಲ್ಲ, ಕಳ್ಳರ ಗುಟ್ಟಿನ ಮಾತು’ ಎನ್ನುವವರಿಗೆ ಉತ್ತರ ಎಂದೋ ಸಿಕ್ಕಿದೆ. ಆದರೂ ಆ ಮಾತು ಸಾಯುವುದಿಲ್ಲ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಅಲೆಮಾರಿಗಳನ್ನು ಹುಟ್ಟುಗಳ್ಳರು ಎಂದರು. ಗ್ರಿಯರ್ಸನ್ ಸಾಹೇಬನ ಭಾಷಾ ಸಮೀಕ್ಷೆ ದೊಡ್ಡ ಕೆಲಸ, ಒಪ್ಪೋಣ. ಆದರೆ ಮೈಸೂರು, ಮದರಾಸು, ಹೈದರಾಬಾದು ಸೀಮೆಗಳು ಆ ಸಮೀಕ್ಷೆಯ ಹೊರಗೇ ಉಳಿದವು. ಅಲೆಮಾರಿಗಳ ಮಾತುಗಳನ್ನು ಅವನು ‘ಜಿಪ್ಸಿ ಭಾಷೆಗಳು’ ಎಂದು 1922ರ ಒಂದು ಸಂಪುಟದಲ್ಲಿ ಒಟ್ಟು ಹಾಕಿದ. ಕಾಯ್ದೆ 1952ರಲ್ಲಿ ರದ್ದಾಯಿತು. ಠಾಣೆಯ ಕಿವಿ ರದ್ದಾಗಲಿಲ್ಲ. ಸಂತೆಯಲ್ಲಿ ಇಬ್ಬರು ಹೆಂಗಸರು ತಿಳಿಯದ ಭಾಷೆಯಲ್ಲಿ ಮಾತಾಡಿದರೆ ಇವತ್ತೂ ನಮ್ಮ ಸಭ್ಯರು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಅದೇ ಇಬ್ಬರು ಸಾಹೇಬರು ಫ್ರೆಂಚಿನಲ್ಲಿ ಮಾತಾಡಿದರೆ ಜೇಬು ನೆನಪಾಗುವುದಿಲ್ಲ.

ಲಿಪಿ ಇಲ್ಲ ಎನ್ನುವವರಿಗೂ ಒಂದು ಮಾತು. ಕೊಂಕಣಿ 1992ರಲ್ಲಿ ಎಂಟನೇ ಪರಿಚ್ಛೇದಕ್ಕೆ ಸೇರಿತು. ಅದನ್ನು ನಾಗರಿ, ಕನ್ನಡ, ರೋಮನ್, ಮಲೆಯಾಳ, ಅರಬ್ಬಿ ಮೂಲದ ಲಿಪಿ ಹೀಗೆ ಐದು ಲಿಪಿಗಳಲ್ಲಿ ಬರೆಯುತ್ತಾರೆ. ಸ್ವತಃ ಇಂಗ್ಲಿಷಿನ ಲಿಪಿ ರೋಮಿನವರಿಂದ ಸಾಲ ತಂದದ್ದು. ಸಾಲ ಬಡವ ತಂದರೆ ಮಾತ್ರ ಅವಮಾನ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕಾಡಿನ ಪ್ರಾಣಿ ಪಕ್ಷಿ ಉಳಿಯಬೇಕು, ಸರಿ. ಆದರೆ ಕಸುಬಿನಿಂದ ಹೆಸರಿಟ್ಟ ಸರ್ಕಾರವೇ ಆ ಕಸುಬನ್ನು ಅಪರಾಧ ಮಾಡಿತು. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಇವತ್ತಿಗೂ ಅವರು ಹಕ್ಕಿಪಿಕ್ಕಿ, ಹಕ್ಕಿ ಹಿಡಿದರೆ ಜೈಲು. ಬಲೆ ಬಿಟ್ಟು ಪ್ಲಾಸ್ಟಿಕ್ ಹೂವು ಮಾರಿದರು. ಆಮೇಲೆ ಗಿಡಮೂಲಿಕೆ, ತಲೆಗೂದಲ ಎಣ್ಣೆ. ಅದನ್ನು ಹೊತ್ತು ಸಿಂಗಾಪುರ, ಮಲೇಷಿಯಾ, ಆಫ್ರಿಕಾದ ದೇಶಗಳ ತನಕ ಹೋದರು. ಶಿವಮೊಗ್ಗ ಹತ್ತಿರದ ಸದಾಶಿವಪುರ, ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳ್, ಹುಣಸೂರಿನ ಪಕ್ಷಿರಾಜಪುರ, ಈ ಕ್ಯಾಂಪುಗಳಿಂದ ಪಾಸ್‌ಪೋರ್ಟ್ ಹಿಡಿದು ಹೊರಟ ಜನ ಇವರು. ಒಬ್ಬ ಪದವೀಧರ ಬೆಂಗಳೂರಿಗೆ ಹೋಗುವಾಗ ಇಂಗ್ಲಿಷ್ ಬರಲ್ಲ ಅಂತ ಅಳುಕುತ್ತಾನೆ. ಇವರು ಅಕ್ಷರ ಇಲ್ಲದೆ ಸೂಡಾನಿನಲ್ಲಿ ವ್ಯಾಪಾರ ಮಾಡಿದರು.

2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಸೈನ್ಯಗಳ ಕಾದಾಟ ಶುರುವಾದಾಗ ನಾಡಿಗೆ ಇವರ ನೆನಪಾಯಿತು. ಚುನಾವಣೆಯ ಹೊತ್ತು ಬೇರೆ. ರಾಜಕಾರಣಿಗಳು ಅವರ ಹೆಸರು ಹಿಡಿದು ಜಗಳ ಆಡಿದರು. ‘ಆಪರೇಷನ್ ಕಾವೇರಿ’ಯಲ್ಲಿ ವಾಪಸು ಬಂದವರನ್ನು ಮೇ ತಿಂಗಳಲ್ಲಿ ಪ್ರಧಾನಿಯವರು ಶಿವಮೊಗ್ಗದಲ್ಲೇ ಭೇಟಿ ಮಾಡಿದರು, ಫೋಟೋಗಳು ಬಂದವು. ನಾವು ಆವತ್ತಿನ ವರದಿಗಳನ್ನು ಸಿಕ್ಕಷ್ಟು ಓದಿದ್ದೇವೆ. ಅವರು ಏನು ಮಾರಿದರು, ಎಷ್ಟು ಸಾಲ ಮಾಡಿ ಹೋದರು ಎಲ್ಲ ಇತ್ತು. ಗುಂಡಿನ ಸದ್ದಿನ ಮಧ್ಯೆ ನೀರಿಲ್ಲದ ಕೋಣೆಯಲ್ಲಿ ಕೂತು ಆ ಜನ ತಮ್ಮ ಮಕ್ಕಳನ್ನು ಯಾವ ಭಾಷೆಯಲ್ಲಿ ಸಮಾಧಾನ ಮಾಡಿದರು ಎಂದು ಕೇಳಿದ ವರದಿ ನಮ್ಮ ಕಣ್ಣಿಗೆ ಬೀಳಲಿಲ್ಲ. ‘ಕನ್ನಡಿಗರು’ ಎಂದು ಬರೆದರು. ಅದು ನಿಜ ಕೂಡ. ಅರ್ಧ ನಿಜ.

ಈಗ ಪುಸ್ತಕಕ್ಕೆ ವಾಪಸು ಬನ್ನಿ. ಇದೇ 2011ರ ಗಣತಿಯ ಪಂಗಡಗಳ ಕೋಷ್ಟಕದಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳ ಲೆಕ್ಕ ಇದೆ. ಸುಮಾರು 12 ಸಾವಿರ. ಹತ್ತು ಸಾವಿರದ ಗೆರೆಯ ಮೇಲೇ ಇದ್ದಾರೆ. ಭಾಷೆಯ ಕೋಷ್ಟಕ ತೆಗೆಯಿರಿ, ವಾಗ್ರಿ ಎಂಬ ಹೆಸರೇ ಇಲ್ಲ. ಒಂದೇ ಪುಸ್ತಕ, ಒಂದೇ ಮನೆ, ಒಂದೇ ಗಣತಿದಾರ. ಜಾತಿಯ ಕಾಲಮ್ಮಿನಲ್ಲಿ ಸಿಕ್ಕ ಹನ್ನೆರಡು ಸಾವಿರ ಜನ ಎರಡು ಕಾಲಮ್ ದಾಟುವುದರೊಳಗೆ ನಾಲಗೆ ಕಳೆದುಕೊಂಡಿದ್ದಾರೆ. ಲಂಬಾಣಿಯವರ ಕತೆ ಇನ್ನೊಂದು ಥರ. 32 ಲಕ್ಷಕ್ಕೂ ಹೆಚ್ಚು ಜನ ಲಂಬಾಣಿ ಎಂದು ಬರೆಸಿದರು. ಪಟ್ಟಿ ಅವರನ್ನು ಹಿಂದಿಯ ಕೆಳಗೆ ಹಾಕಿ ಹಿಂದಿಯ ಕೋಟಿಗಳನ್ನು ದಪ್ಪ ಮಾಡಿತು. ಶಿಕಾರಿಪುರದ ತಾಂಡಾಗಳಲ್ಲಿ ಲಂಬಾಣಿ ಮುದುಕಿ ಆಡುವ ಮಾತು ಹಿಂದಿಯಂತೆ! ಸಣ್ಣವರಿಗೆ ಹೆಸರಿಲ್ಲ, ದೊಡ್ಡವರಿಗೆ ಹೆಸರಿದ್ದರೂ ಮನೆ ಇಲ್ಲ.

ಇನ್ನೊಂದು ಕಾಲಮ್ ಇದೆ: ‘ತಿಳಿದಿರುವ ಇತರ ಭಾಷೆಗಳು’. ಅದರಲ್ಲಿ ಎರಡಕ್ಕೆ ಮಾತ್ರ ಜಾಗ. ಬಸ್ ಸ್ಟ್ಯಾಂಡಿನ ಆ ಅಕ್ಕನನ್ನು ನೆನಸಿಕೊಳ್ಳಿ. ಕನ್ನಡ, ಸಾಬರ ಮಾತು, ತಮಿಳು, ತೆಲುಗು, ಅಷ್ಟಿಷ್ಟು ಹಿಂದಿ. ಸೂಡಾನಿಗೆ ಹೋಗಿ ಬಂದ ಅವಳ ಬಳಗದವರಿಗೆ ಅರಬ್ಬಿಯೂ ಅಷ್ಟಿಷ್ಟು. ಅವಳ ವಿದ್ಯೆಗೆ ಸರ್ಕಾರದ ಕಾಗದದಲ್ಲಿ ಜಾಗ ಸಾಲದು. ಅದೇ ಹಾಳೆಯ ಇನ್ನೊಂದು ಕಾಲಮ್ ಅವಳನ್ನು ‘ಅನಕ್ಷರಸ್ಥೆ’ ಎನ್ನುತ್ತದೆ.

ಈ ಪಟ್ಟಿ ಕಾಗದದಲ್ಲೇ ಉಳಿದಿದ್ದರೆ ನಾವು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಒಂದನೇ ತರಗತಿಗೆ ಬಂದು ಕೂರುತ್ತದೆ. ಒಂದು ಶಾಲೆಯಲ್ಲಿ ನಾವು ಕಂಡದ್ದು. ಯಾವ ಊರು ಎಂದು ಹೇಳುವುದಿಲ್ಲ, ಯಾಕೆಂದರೆ ಆ ಮೇಡಂ ಕೆಟ್ಟವರಲ್ಲ. ಆರು ವರ್ಷದ ಹುಡುಗ ಮೂರು ತಿಂಗಳಿಂದ ಬಾಯಿ ಬಿಟ್ಟಿಲ್ಲ. ‘ಮಂಕು’ ಎಂದು ಅವರು ಮೆಲ್ಲಗೆ ಹೇಳಿದರು, ಡಾಕ್ಟರಿಗೆ ತೋರಿಸಿ ಅಂತ ತಾಯಿಗೂ ಹೇಳಿ ಕಳಿಸಿದ್ದರಂತೆ. ಬಿಸಿಯೂಟದ ಗಂಟೆ ಹೊಡೆಯಿತು. ಹುಡುಗ ತಟ್ಟೆ ಹಿಡಿದು ಅಕ್ಕನ ಪಕ್ಕ ಕೂತ. ಕೂತವನೇ ಶುರು ಮಾಡಿದ ನೋಡಿ, ಅನ್ನ ತಣ್ಣಗಾಗುವ ತನಕ ನಿಲ್ಲಿಸಲಿಲ್ಲ. ಕೈ ಆಡಿಸಿ ಯಾವುದೋ ಕತೆ ಹೇಳುತ್ತಿದ್ದ, ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ಮೇಡಂ ಬಾಗಿಲಲ್ಲಿ ನಿಂತು ನೋಡಿದರು. “ನಂಗೆ ಗೊತ್ತೇ ಇರ್ಲಿಲ್ಲ ಸಾರ್” ಅಂದರು.

ಅವರಿಗೆ ಗೊತ್ತಾಗುವ ದಾರಿ ಯಾವುದಿತ್ತು? ಸಂವಿಧಾನದ 350ಎ ವಿಧಿ 1956ರಿಂದ ಇದೆ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಮಾಡಬೇಕು. 2020ರ ಶಿಕ್ಷಣ ನೀತಿಯಲ್ಲೂ ಮನೆಮಾತಿನ ಹೊಗಳಿಕೆ ಇದೆ. ಆದರೆ ಅನುಕೂಲ ಮಾಡಬೇಕಾದ ಅಧಿಕಾರಿ ಮೊದಲು ಕೇಳುವುದು ಲೆಕ್ಕ. ನಿಮ್ಮ ಭಾಷೆಯವರು ಎಷ್ಟಿದ್ದಾರೆ? ಪಟ್ಟಿ ತೋರಿಸಿ. ಪಟ್ಟಿಯಲ್ಲಿ ‘ಇತರೆ’. ‘ಇತರೆ’ಗೆ ಪಠ್ಯಪುಸ್ತಕ ಬರೆಯುವುದು ಹೇಗೆ?

ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಪಪುವಾ ನ್ಯೂಗಿನಿ ಎಂಬ ದ್ವೀಪದೇಶದಲ್ಲಿ ಎಂಟುನೂರಕ್ಕೂ ಹೆಚ್ಚು ಭಾಷೆಗಳಿವೆ. ಬಹುಪಾಲು ನಮ್ಮ ಎರಡು ಮೂರು ಹಳ್ಳಿಯಷ್ಟು ಜನ ಆಡುವ ಮಾತುಗಳು. ಅಲ್ಲಿ ಸೆಪಿಕ್ ನದಿಯ ಸೀಮೆಯಲ್ಲಿ ಗಾಪುನ್ ಎಂಬ ಒಂದೇ ಹಳ್ಳಿಯಲ್ಲಿ ತಯಾಪ್ ಎಂಬ ಭಾಷೆ ಇದೆ. ಅದಕ್ಕೆ ಲೋಕದಲ್ಲಿ ಬೇರೆ ಯಾವ ಭಾಷೆಯ ನಂಟೂ ಕಂಡುಬಂದಿಲ್ಲ. ಡಾನ್ ಕುಲಿಕ್ ಎಂಬ ಮಾನವಶಾಸ್ತ್ರಜ್ಞ 1980ರ ದಶಕದಿಂದ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಬಂದು ಬರೆದಿದ್ದಾರೆ. ಆಡುವವರು ಐವತ್ತಕ್ಕೂ ಕಡಿಮೆಯಾದರು. ಯಾರೂ ಆ ಭಾಷೆಯನ್ನು ನಿಷೇಧಿಸಲಿಲ್ಲ, ಯಾವ ಪೊಲೀಸೂ ಬರಲಿಲ್ಲ. ಟೋಕ್ ಪಿಸಿನ್ ಎಂಬ ಸಂಪರ್ಕ ಭಾಷೆ ಪೇಟೆಯ, ಚರ್ಚಿನ, ದುಡ್ಡಿನ ಮಾತಾಯಿತು. ತಯಾಪ್ ಹಳೇ ಕಾಲದ, ಹಟಮಾರಿತನದ ಮಾತಾಯಿತು. ತಾಯಂದಿರು ಮಕ್ಕಳ ಜೊತೆ ಟೋಕ್ ಪಿಸಿನ್ನಿನಲ್ಲಿ ಮಾತಾಡುತ್ತಾ ಹೋದರು. ಕೇಳಿದರೆ, ಏನು ಮಾಡೋದು, ನಮ್ಮ ಮಕ್ಕಳಿಗೆ ತಯಾಪ್ ಬೇಡವಂತೆ ಎಂದು ಮಕ್ಕಳ ಮೇಲೆ ಹಾಕಿದರು. ಆ ದೇಶ 1990ರ ದಶಕದಲ್ಲಿ ನೂರಾರು ಸಣ್ಣ ಭಾಷೆಗಳಲ್ಲಿ ಅ ಆ ಇ ಈ ಕಲಿಸಲು ಹೊರಟಿತು, ನಾವು ಕನಸಲ್ಲೂ ಕಾಣದ ಕೆಲಸ. 2013ರಲ್ಲಿ ಮತ್ತೆ ಇಂಗ್ಲಿಷಿಗೆ ಹಿಂದಿರುಗಿತು.

ಗಾಪುನ್ನಿನ ಮಟ್ಟಕ್ಕೆ ವಾಗ್ರಿ ಬಂದಿಲ್ಲ. ಸದಾಶಿವಪುರದಲ್ಲಿ ಮಕ್ಕಳು ಜಗಳ ಆಡುವುದು ವಾಗ್ರಿಯಲ್ಲೇ. ಮಕ್ಕಳು ಬೈದಾಡುವ ಭಾಷೆ ಸಾಯುವುದಿಲ್ಲ ಎಂದು ನಮ್ಮ ನಂಬಿಕೆ. ಆದರೆ ಆ ಒಂದನೇ ತರಗತಿಯ ತಾಯಿ, ಮಗನನ್ನು ಡಾಕ್ಟರಿಗೆ ತೋರಿಸಲು ಹೇಳಿಸಿಕೊಂಡವಳು, ತನ್ನ ಎರಡನೇ ಮಗುವಿನ ಜೊತೆ ಯಾವ ಮಾತಾಡುತ್ತಾಳೆ? ಗಾಪುನ್ನಿನಲ್ಲೂ ಶುರುವಾದದ್ದು ಇಲ್ಲಿಂದಲೇ ಇರಬೇಕು.

ಇಷ್ಟು ಹೊತ್ತು ಸರ್ಕಾರವನ್ನು ಬೈದೆವು. ಈಗ ನಮ್ಮ ಸರದಿ.

ಭದ್ರಾವತಿ ನಮಗೆ ಬರೀ ಊರಲ್ಲ. ಕನ್ನಡ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ್ದು ಈ ಕಾರ್ಖಾನೆ ಊರಿನಲ್ಲಿ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದಕ್ಕೆ ನಾಡೆಲ್ಲಾ ಹೊತ್ತಿ ಉರಿಯಿತು. ಆಗ ನಮ್ಮ ಪ್ರಶ್ನೆ ಸರಳವಾಗಿತ್ತು: ಈ ಸಾಹಿತ್ಯದಲ್ಲಿ ನಮ್ಮ ಕೇರಿಯ ಮಾತು ಎಲ್ಲಿದೆ? ಸಿದ್ಧಲಿಂಗಯ್ಯನವರ ಹಾಡುಗಳು ಬಂದವು. 1984ರಲ್ಲಿ ದೇವನೂರರ ‘ಕುಸುಮಬಾಲೆ’ ಬಂತು. ಅರ್ಥವಾಗುವುದಿಲ್ಲ ಎಂದು ದೂರಿದ ಪಂಡಿತರಿಗೆ ನಾವು ಹೇಳಿದೆವು, ಅರ್ಥವಾಗದಿದ್ದರೆ ಕೇರಿಗೆ ಬನ್ನಿ ಅಂತ. ಕೇರಿಯ ಕನ್ನಡವನ್ನು ಅಚ್ಚಿನ ಮನೆಗೆ ನುಗ್ಗಿಸಿದೆವು. ಅದು ನಮ್ಮ ಗೆಲುವು, ಸಣ್ಣದಲ್ಲ.

ಆದರೆ ಆ ಬಾಗಿಲನ್ನು ನಾವು ಹಿಂದೆ ತೆರೆದೇ ಇಟ್ಟೆವಾ? ನಮ್ಮ ಮೆರವಣಿಗೆಗಳಲ್ಲಿ ಕೊರಮರು ನಡೆದರು, ಲಂಬಾಣಿಗಳು ನಡೆದರು, ಹಕ್ಕಿಪಿಕ್ಕಿಗಳೂ ನಡೆದರು. ಘೋಷಣೆ ಕನ್ನಡದಲ್ಲಿತ್ತು. ಹಾಡು ಕನ್ನಡದಲ್ಲಿತ್ತು. ಅವರ ಮನೆಮಾತಿನಲ್ಲಿ ಒಂದು ಹಾಡು ಹೇಳಿ ಎಂದು ನಾವು ವೇದಿಕೆಗೆ ಕರೆದದ್ದು ನೆನಪಾಗುವುದಿಲ್ಲ. ಕರೆದಿದ್ದರೂ ‘ಸಾಂಸ್ಕೃತಿಕ ಕಾರ್ಯಕ್ರಮ’ಕ್ಕೆ, ಕುಣಿತಕ್ಕೆ. 1982ರ ಗೋಕಾಕ್ ಚಳವಳಿಯಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕು ಎಂದು ಬೀದಿಗಿಳಿದವರಲ್ಲಿ ನಮ್ಮವರೂ ಇದ್ದರು. ಕನ್ನಡ ಮನೆಮಾತಲ್ಲದ ಬಡವರ ಮಕ್ಕಳ ಗತಿ ಏನು ಎಂಬ ಪ್ರಶ್ನೆ ಬಂದಾಗ ಉರ್ದು, ಮರಾಠಿ, ತಮಿಳಿನವರ ಹೆಸರು ಬಂತು. ಕ್ಯಾಂಪಿನ ಮಕ್ಕಳ ಹೆಸರು ಬರಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು, ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ತಂದೆತಾಯಿ, ಸರ್ಕಾರ ಅಲ್ಲ ಎಂದಿತು. ಆ ತೀರ್ಪು ಹಿಡಿದು ಇಂಗ್ಲಿಷ್ ಶಾಲೆಗಳು ಗೆದ್ದವು. ನಾವು ಕನ್ನಡ ಸೋತಿತು ಎಂದು ಅತ್ತೆವು. ಅದೇ ತೀರ್ಪಿನ ಒಳಗೆ ವಾಗ್ರಿ ತಾಯಿಗೂ ಒಂದು ಹಿಡಿ ಇದೆಯೇ ಎಂದು ಹುಡುಕಲಿಲ್ಲ. ‘ಕುಸುಮಬಾಲೆ’ ತಿಳಿಯದ ಪಂಡಿತ ಆವತ್ತು ಹೇಗೆ ನಿಂತಿದ್ದನೋ, ಬಸ್ ಸ್ಟ್ಯಾಂಡಿನಲ್ಲಿ ನಾವು ಹಾಗೇ ನಿಂತಿದ್ದೆವು.

ಭದ್ರಾವತಿಯಲ್ಲಿ ಒಂದು ಕಾಗದದ ಕಾರ್ಖಾನೆಯೂ ಇತ್ತು. 1936ರಲ್ಲಿ ಸ್ಥಾಪನೆಯಾಗಿ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ನಾಡಿನ ಎಷ್ಟೋ ಪಠ್ಯಪುಸ್ತಕ, ನೋಟ್‌ಬುಕ್ಕು, ಪತ್ರಿಕೆಗಳಿಗೆ ಇಲ್ಲಿಂದ ಕಾಗದ ಹೋಯಿತು. ಅದರ ಬಿದಿರು, ನೀಲಗಿರಿ ಬಂದದ್ದು ಹಕ್ಕಿಪಿಕ್ಕಿಗಳು ಬಲೆ ಹಾಕುತ್ತಿದ್ದಂಥ ಕಾಡು, ಕುರುಚಲುಗಳಿಂದಲೇ. ಕಾಡು ಕಾಗದವಾಯಿತು, ಕಾಗದದ ಮೇಲೆ ಅವರ ಒಂದು ಮಾತು ಬರಲಿಲ್ಲ. ಇದೇ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯ ಇದೆ, 1965ರಿಂದ ಭದ್ರಾವತಿ ಆಕಾಶವಾಣಿ ಇದೆ. ಅಲ್ಲಿ ಓದುವ, ಕೆಲಸ ಮಾಡುವ ಗೆಳೆಯರು ಒಂದು ರೆಕಾರ್ಡಿಂಗ್ ಯಂತ್ರ ಹಿಡಿದು ಸದಾಶಿವಪುರಕ್ಕೆ ಬಸ್ಸು ಹತ್ತಿದರೆ ಅರ್ಧ ದಿನದ ಕೆಲಸ.

2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. 2027ಕ್ಕೆ ಎಂದು ಸರ್ಕಾರ ಪ್ರಕಟಿಸಿತು, ಜಾತಿಯನ್ನೂ ಎಣಿಸುತ್ತೇವೆ ಎಂದಿತು. ಜಾತಿ ಗಣತಿಯ ಬಗ್ಗೆ ನಮ್ಮ ಸಂಘಟನೆಗಳು ಕರಪತ್ರ ಹಂಚುತ್ತಿವೆ, ಹಂಚಬೇಕು. ಮಾತೃಭಾಷೆಯ ಕಾಲಮ್ಮಿನ ಬಗ್ಗೆ ಒಂದು ಕರಪತ್ರವೂ ನಮಗೆ ಕಂಡಿಲ್ಲ. ಅದಕ್ಕೇ ಮೇಷ್ಟ್ರು ಗೆಳೆಯನನ್ನು ಮುಂದೆ ಮಾಡಿಕೊಂಡು ನಾವು ಒಂದು ಭಾನುವಾರ ಕ್ಯಾಂಪಿಗೆ ಹೋದೆವು. ಅವನೇ ಮಾತು ತೆಗೆದ. ತಾನು ಬರೆದದ್ದು ತಪ್ಪು, ಈ ಸಲ ಬರೆಯುವವರು ಕೇಳದಿದ್ದರೂ ನೀವೇ ಹೇಳಿ ಬರೆಸಬೇಕು ಅಂದ. ಒಬ್ಬ ಹಿರಿಯರು ನಕ್ಕರು. “ಬರಿಯೋರು ಕನ್ನಡದಾಗೆ ಕೇಳಿದ್ರು, ನಾವು ಕನ್ನಡದಾಗೆ ಹೇಳಿದ್ವಿ, ಕನ್ನಡ ಆಯ್ತು. ತಪ್ಪು ನಿಂದೊಬ್ಬಂದೇ ಅಲ್ಲ ಬಿಡು ಮೇಷ್ಟ್ರೆ.”

ಆಮೇಲೆ ತೊಡಕು ಬಂತು, ನಾವು ಯೋಚಿಸಿಯೇ ಇರದ ತೊಡಕು. ಏನಂತ ಬರೆಸುವುದು? ವಾಗ್ರಿ, ವಾಗ್ರಿ ಬೋಲಿ, ವಾಘ್ರಿ, ಹಕ್ಕಿಪಿಕ್ಕಿ ಭಾಷೆ. ಒಂದು ಕ್ಯಾಂಪಿನವರು ಒಂದು, ಇನ್ನೊಂದು ಕ್ಯಾಂಪಿನವರು ಇನ್ನೊಂದು ಬರೆಸಿದರೆ ಕಚೇರಿಯ ಜರಡಿಯಲ್ಲಿ ನಾಲ್ಕು ಹೆಸರು ನಾಲ್ಕು ಕಡೆ ಹೋಗಿ ಯಾವುದೂ ಹತ್ತು ಸಾವಿರ ಮುಟ್ಟದೆ ಮತ್ತೆ ‘ಇತರೆ’ಗೆ ಬೀಳಬಹುದು. ತಮಿಳುನಾಡಿನ ನರಿಕುರವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಕೊಡುವ ಮಸೂದೆ 2022ರ ಡಿಸೆಂಬರಿನಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ಅವರೂ ಇದೇ ಹೆಸರು ಬರೆಸಿದರೆ ಗೆರೆ ಸಲೀಸಾಗಿ ದಾಟುತ್ತದೆ. ಆಮೇಲೆ ಗುಜರಾತಿಯ ಕೆಳಗೆ ತುರುಕುತ್ತಾರೋ, ಬೇರೆ ಇಡುತ್ತಾರೋ, ಅದು ಮುಂದಿನ ಜಗಳ.

ಹಿರಿಯರು ಹಕ್ಕಿಪಿಕ್ಕಿ ಭಾಷೆ ಅಂತಲೇ ಇರಲಿ, ಸರ್ಟಿಫಿಕೇಟಿನಲ್ಲಿ ಅದೇ ಇದೆ, ಎರಡು ಹೆಸರಾದರೆ ಆಫೀಸಿನಲ್ಲಿ ತಕರಾರು ಮಾಡುತ್ತಾರೆ ಅಂದರು. ಕಾಲೇಜು ಓದುವ ಹುಡುಗಿಯೊಬ್ಬಳು ಒಪ್ಪಲಿಲ್ಲ. “ಅಜ್ಜ, ಅದು ಇವ್ರಿಟ್ಟ ಹೆಸ್ರು” ಎಂದು ನಮ್ಮ ಕಡೆ ಕೈ ತೋರಿಸಿದಳು. ಅಲ್ಲಿಂದ ಮಾತು ಕನ್ನಡ ಬಿಟ್ಟಿತು. ಹೆಂಗಸರು ಸೇರಿಕೊಂಡರು, ದನಿ ಏರಿತು, ಯಾರೋ ಮೊಬೈಲಿನಲ್ಲಿ ಬೇರೆ ಕ್ಯಾಂಪಿನ ನೆಂಟರನ್ನು ಕರೆದು ಸ್ಪೀಕರಿಗೆ ಹಾಕಿದರು. ವಾಗ್ರಿ ಬೇಕು ಅಂದವರು ಯಾರು, ಬೇಡ ಅಂದವರು ಯಾರು ನಮಗೆ ತಿಳಿಯಲಿಲ್ಲ. ಯಾರೋ ಟೀ ತಂದು ಕೊಟ್ಟರು. ಕುಡಿಯುತ್ತಾ ಕೂತೆವು.